ಸುದ್ದಿ ತಂದವರು ಯಾರು?

ಬೆಂಗಳೂರಿನ ಗಾಂಧಿನಗರದ ಒಂದು ಓಣಿಯಲ್ಲಿ ನಮ್ಮ ಕುಟುಂಬದ ಸಣ್ಣ ಮುದ್ರಣಾಲಯವೊಂದಿತ್ತು. ಮದುವೆಯ ಆಮಂತ್ರಣ ಪತ್ರಿಕೆ, ಅಂಗಡಿಗಳ ರಸೀದಿ ಪುಸ್ತಕ, ಚಲನಚಿತ್ರ ವಿತರಕರ ಕರಪತ್ರ, ರಮಝಾನ್ ಬಂದರೆ ಸಹರಿ ಮತ್ತು ಇಫ್ತಾರ್‌ಗಳ ವೇಳಾಪಟ್ಟಿ, ಇವೇ ನಮ್ಮ ಜೀವನೋಪಾಯವಾಗಿದ್ದವು. ನಮ್ಮ ತಂದೆಯವರು ಅಲ್ಲಿ ಒಂದು ನಿಯಮವನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಕರಡಚ್ಚಿನ ಮೇಲೆ ಗಿರಾಕಿಯ ಸಹಿ ಬೀಳದೆ ಯಂತ್ರ ತಿರುಗಬಾರದು. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಎಷ್ಟೇ ಪರಿಚಿತನಾಗಿರಲಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೆಸರು, ದಿನಾಂಕ, ಸ್ಥಳ ಮೂರನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ವೇಳಾಪಟ್ಟಿಯ ಕರಡನ್ನಂತೂ ಮಸೀದಿಯ ಇಮಾಮರ ಬಳಿಗೆ ತಾವೇ ಕೊಂಡೊಯ್ಯುತ್ತಿದ್ದರು. ಒಂದು ಅಂಕಿ ತಪ್ಪಿ ಅಚ್ಚಾದರೆ ಒಂದು ಮೊಹಲ್ಲಾದ ಉಪವಾಸ ಕೆಡುತ್ತದೆ, ಅದರ ಲೆಕ್ಕವನ್ನು ನಾಳೆ ಪರಲೋಕದಲ್ಲಿ ಯಂತ್ರ ಕೊಡುವುದಿಲ್ಲ, ನಾವೇ ಕೊಡಬೇಕು ಎನ್ನುತ್ತಿದ್ದರು.

ಆ ಮಾತಿನ ಪೂರ್ಣ ಅರ್ಥ ನಮಗೆ ತಿಳಿದದ್ದು ಅವರು ತೀರಿಕೊಂಡ ಬಳಿಕ, 2012ರ ಆಗಸ್ಟ್ ತಿಂಗಳಲ್ಲಿ. ಅಂದು ನಾವು ಮಾಡಿದ ಒಂದು ತಪ್ಪನ್ನು ಓದುಗರ ಮುಂದೆ ಇಡದೆ ಪತ್ರಿಕಾಧರ್ಮದ ಬಗ್ಗೆ ಉಪದೇಶಿಸುವ ಅಧಿಕಾರ ನಮಗಿಲ್ಲವೆಂದು ಭಾವಿಸಿ ಈ ಬರಹವನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೇವೆ.

ರೈಲು ನಿಲ್ದಾಣದ ಆ ರಾತ್ರಿ

ಆ ವರ್ಷ ಜೂನ್ ತಿಂಗಳಲ್ಲಿ ಮ್ಯಾನ್ಮಾರ್‌ನ ರಖೈನ್ ಪ್ರಾಂತದಲ್ಲಿ ಹಿಂಸಾಚಾರ ನಡೆದಿತ್ತು. ಜುಲೈಯಲ್ಲಿ ಅಸ್ಸಾಮಿನ ಕೊಕ್ರಾಝಾರ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಬೋಡೊ ಜನಾಂಗದವರಿಗೂ ಮುಸ್ಲಿಮರಿಗೂ ನಡುವೆ ಘರ್ಷಣೆ ಭುಗಿಲೆದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಠ ಕಳೆದುಕೊಂಡು ಶಿಬಿರ ಸೇರಿದ್ದರು. ಅದು ರಮಝಾನ್ ತಿಂಗಳು. ಮನಸ್ಸುಗಳು ಮೃದುವಾಗಿದ್ದ ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ಚಿತ್ರ ಹರಿದಾಡತೊಡಗಿತು. ಸಾಲು ಸಾಲಾಗಿ ಮಲಗಿಸಿದ ಶವಗಳು, ಅವುಗಳ ನಡುವೆ ಕೆಂಪು ವಸ್ತ್ರ ಧರಿಸಿದ ಬೌದ್ಧ ಭಿಕ್ಷುಗಳು. ಬರ್ಮಾದ ಮುಸ್ಲಿಮರನ್ನು ಕೊಂದು ಹಾಕಿರುವ ದೃಶ್ಯವೆಂದು ಅದರ ಕೆಳಗೆ ಬರೆದಿತ್ತು. ಇಫ್ತಾರ್‌ಗೆ ಸ್ವಲ್ಪ ಮುನ್ನ ಅದು ನಮ್ಮ ಕೈಗೂ ಬಂದಿತು. ಕಣ್ಣು ತುಂಬಿತು. ನಾವೂ ಅದನ್ನು ಹತ್ತಾರು ಮಂದಿಗೆ ಕಳುಹಿಸಿದೆವು. ದ್ವೇಷದಿಂದ ಕಳುಹಿಸಲಿಲ್ಲ, ದುಆ ಮಾಡುವವರ ಸಂಖ್ಯೆ ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಕಳುಹಿಸಿದೆವು.

ಆ ಚಿತ್ರ ಬರ್ಮಾದ್ದಾಗಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಚೀನಾದ ಯುಶು ಎಂಬ ಟಿಬೆಟನ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದ ನಂತರ, ಮೃತರ ಅಂತ್ಯಸಂಸ್ಕಾರಕ್ಕೆ ನೆರವಾದ ಭಿಕ್ಷುಗಳ ಚಿತ್ರವದು. ಸೇವೆ ಮಾಡುತ್ತಿದ್ದವರನ್ನು ಹಂತಕರನ್ನಾಗಿ ತೋರಿಸುವ ಅಪವಾದಕ್ಕೆ ನಮ್ಮ ಬೆರಳೂ ಕೈಜೋಡಿಸಿತ್ತು. ಇದನ್ನು ಬಯಲಿಗೆಳೆದವರು ಯಾರೆಂಬುದು ಗಮನಾರ್ಹ. ಪಾಕಿಸ್ತಾನದ ಒಬ್ಬ ಮುಸ್ಲಿಮ್ ಪತ್ರಕರ್ತರು ಆ ಜುಲೈ ತಿಂಗಳಲ್ಲೇ ಅಂತಹ ಹಲವು ಚಿತ್ರಗಳ ಮೂಲವನ್ನು ಹುಡುಕಿ, ಇವು ಸುಳ್ಳೆಂದು ತಮ್ಮ ಜನರಿಗೇ ಬರೆದು ತಿಳಿಸಿದ್ದರು. ಸುಳ್ಳು ನಮ್ಮವರೆಗೆ ಬಂದಿತು. ಆ ಲೇಖನ ಬರಲಿಲ್ಲ. ಬಂದಿದ್ದರೂ ಅಂದು ನಾವು ಅದನ್ನು ಓದುತ್ತಿದ್ದೆವೋ ಇಲ್ಲವೋ!

ಆಗಸ್ಟ್ 11ರಂದು ಮುಂಬಯಿಯ ಆಝಾದ್ ಮೈದಾನದಲ್ಲಿ ಅಸ್ಸಾಮ್ ಮತ್ತು ಬರ್ಮಾದ ಘಟನೆಗಳನ್ನು ಖಂಡಿಸಿ ನಡೆದ ಸಭೆ ಹಿಂಸೆಗೆ ತಿರುಗಿತು. ಇಬ್ಬರು ಪ್ರಾಣ ಕಳೆದುಕೊಂಡರು. ಸುದ್ದಿವಾಹಿನಿಗಳ ವಾಹನಗಳಿಗೆ ಬೆಂಕಿ ಬಿದ್ದಿತು. ಇತ್ತ ನಮ್ಮ ನಗರದಲ್ಲಿ ನೆಲೆಸಿದ್ದ ಈಶಾನ್ಯ ರಾಜ್ಯಗಳ ಜನರ ಮೊಬೈಲುಗಳಿಗೆ ಬೇರೊಂದು ಬಗೆಯ ಸಂದೇಶಗಳು ಬರತೊಡಗಿದವು. ಅಸ್ಸಾಮಿನ ಸೇಡು ಬೆಂಗಳೂರಿನಲ್ಲಿ ತೀರಲಿದೆ, ಈದ್‌ನೊಳಗೆ ಊರು ಬಿಡಿ ಎಂಬುದು ಅವುಗಳ ಸಾರ. ಆಗಸ್ಟ್ 15ರ ಸಂಜೆ ನಗರ ರೈಲು ನಿಲ್ದಾಣದಲ್ಲಿ ಸಾವಿರಾರು ಮಂದಿ ಜಮಾಯಿಸಿದರು. ಕಾವಲುಗಾರರು, ಹೋಟೆಲ್ ಕೆಲಸಗಾರರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಎಲ್ಲರ ಕೈಯಲ್ಲೂ ಚೀಲ. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ನಮ್ಮ ಮುದ್ರಣಾಲಯದಿಂದ ಆ ನಿಲ್ದಾಣಕ್ಕೆ ಕಾಲ್ನಡಿಗೆಯ ದೂರ. ಅಂದು ನಮ್ಮ ಮಸೀದಿಗಳಲ್ಲಿ ರಮಝಾನಿನ 27ನೇ ರಾತ್ರಿ. ಒಂದೆಡೆ ನಾವು ಕೈಯೆತ್ತಿ ಕ್ಷಮೆ ಬೇಡುತ್ತಿದ್ದೆವು. ಮತ್ತೊಂದೆಡೆ, ಅಷ್ಟೇ ದೂರದಲ್ಲಿ, ನಮಗೆ ಹೆದರಿ ಜನರು ರೈಲು ಹತ್ತುತ್ತಿದ್ದರು.

ಮರುದಿನ ನಮ್ಮ ಕಟ್ಟಡದ ಕಾವಲುಗಾರ, ಅಸ್ಸಾಮಿನ ಒಬ್ಬ ಯುವಕ, ಬಾಕಿ ಸಂಬಳ ಪಡೆದು ಬೀಗದ ಕೈಗಳನ್ನು ಒಪ್ಪಿಸಲು ಬಂದನು. ಎರಡು ವರ್ಷ ನಮ್ಮೊಂದಿಗೆ ಚಹಾ ಕುಡಿದವನು, ರಮಝಾನಿನಲ್ಲಿ ನಮ್ಮ ಇಫ್ತಾರಿನ ತಟ್ಟೆಯಲ್ಲಿ ಪಾಲು ಪಡೆದವನು. ತನಗೆ ಬಂದ ಸಂದೇಶವನ್ನು ತೋರಿಸಿ, ಇದು ನಿಜವೇ ಎಂದು ಕೇಳಿದನು. ಖಂಡಿತವಾಗಿಯೂ ಸುಳ್ಳು, ಯಾರೂ ನಿನಗೆ ಏನೂ ಮಾಡಲಾರರು ಎಂದೆವು. ಆಗ ಅವನು ಮೊಬೈಲಿನಲ್ಲಿ ಇನ್ನೊಂದನ್ನು ತೆರೆದು ತೋರಿಸಿದನು. ಅದೇ ಭಿಕ್ಷುಗಳ ಚಿತ್ರ. ‘ಇದನ್ನು ನೋಡಿ ನಿಮ್ಮ ಜನರಿಗೆ ಕೋಪ ಬಂದಿದೆಯಂತೆ, ಹೌದೇ?’ ಎಂದನು. ನಮ್ಮ ಬಳಿ ಉತ್ತರವಿರಲಿಲ್ಲ. ಅವನ ಚೀಲ ಹಿಡಿದುಕೊಂಡು ನಿಲ್ದಾಣದವರೆಗೆ ಜೊತೆಗೆ ಹೋದೆವು. ಊರು ಬಿಟ್ಟವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಮರಳಿದರು. ಅವನು ಮರಳಲಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಅಂತಹ ಸಾಮೂಹಿಕ ದಾಳಿ ಯಾವುದೂ ನಡೆಯಲಿಲ್ಲ. ಮುಸ್ಲಿಮ್ ಮುಖಂಡರೂ ಧಾರ್ಮಿಕ ವಿದ್ವಾಂಸರೂ ಮುಂದೆ ಬಂದು ಅಭಯ ನೀಡಿದರು. ಆಗಸ್ಟ್ 17ರಂದು ಕೇಂದ್ರ ಸರಕಾರವು ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸುವುದನ್ನು 15 ದಿನಗಳ ಮಟ್ಟಿಗೆ ನಿರ್ಬಂಧಿಸಿತು. ಯಂತ್ರಕ್ಕೆ ಮಿತಿ ಹಾಕಲಾಯಿತು. ಆದರೆ ಕರಡಿಗೆ ಸಹಿ ಹಾಕಬೇಕಾದ ಮನುಷ್ಯ ಎಲ್ಲಿದ್ದನು?

ಭಯದ ಕಣ್ಣು ಕಂಡದ್ದು

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತವು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ವಿಶ್ವಾಸಾರ್ಹನಲ್ಲದವನು ಸುದ್ದಿಯೊಂದನ್ನು ತಂದಾಗ ಅದನ್ನು ಚೆನ್ನಾಗಿ ಪರಿಶೀಲಿಸಬೇಕೆಂದೂ ಇಲ್ಲವಾದರೆ ಅರಿವಿಲ್ಲದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದೂ ಅದು ಸತ್ಯವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಈ ಸೂಕ್ತದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಉಲ್ಲೇಖಿಸುವ ಘಟನೆ ಪ್ರಸಿದ್ಧವಾದುದು. ಬನೂ ಮುಸ್ತಲಿಕ್ ಗೋತ್ರದವರಿಂದ ಝಕಾತ್ ಸಂಗ್ರಹಿಸಲು ಪ್ರವಾದಿಯವರು(ಸ) ಒಬ್ಬರನ್ನು ಕಳುಹಿಸಿದರು. ಅವರನ್ನು ಎದುರುಗೊಳ್ಳಲು ಗೋತ್ರದವರು ಗುಂಪಾಗಿ ಊರ ಹೊರಗೆ ಬಂದರು. ಹಳೆಯ ವೈರದ ನೆನಪಿನಿಂದ ಅಂಜಿದ ಆ ದೂತನು ಆ ಗುಂಪನ್ನು ಕಂಡು, ಇವರು ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂದು ಭಾವಿಸಿ ಅರ್ಧದಾರಿಯಿಂದಲೇ ಮರಳಿದನು. ಮದೀನಾದಲ್ಲಿ ಅದನ್ನೇ ಸುದ್ದಿಯಾಗಿ ಹೇಳಿದನು. ಪರಿಶೀಲನೆ ನಡೆಯದಿದ್ದರೆ ಸ್ವಾಗತಕ್ಕೆ ಬಂದವರ ಮೇಲೆಯೇ ಸೈನ್ಯ ಹೋಗುತ್ತಿತ್ತು.

ಆ ದೂತನು ಗುಂಪನ್ನು ಕಂಡದ್ದು ಸುಳ್ಳಲ್ಲ. ಗುಂಪು ಬಂದದ್ದೂ ನಿಜ. ಸುಳ್ಳಾದದ್ದು ಅದರ ಅರ್ಥ. 2012ರಲ್ಲಿ ನಮ್ಮ ವಾಹಿನಿಗಳು ರೈಲು ನಿಲ್ದಾಣದ ಜನಸಂದಣಿಯನ್ನು ತೋರಿಸಿದ್ದೂ ಹೀಗೆಯೇ. ಆ ದೃಶ್ಯ ನಿಜವಾದುದೇ. ಆದರೆ ನಗರದಲ್ಲಿ ದಾಳಿ ನಡೆದಿಲ್ಲವೆಂಬ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳದೆ ಜನಸಂದಣಿಯನ್ನಷ್ಟೇ ಮತ್ತೆ ಮತ್ತೆ ತೋರಿಸಿದರೆ, ಕೋಣೆಯಲ್ಲಿ ಕುಳಿತು ನೋಡುವ ಇನ್ನೊಬ್ಬ ಯುವಕನೂ ಚೀಲ ಕಟ್ಟುತ್ತಾನೆ. ಸುಳ್ಳು ಹೇಳದಿರುವುದು ಪತ್ರಿಕಾಧರ್ಮದ ಮೊದಲ ಮೆಟ್ಟಿಲು ಮಾತ್ರ. ಸತ್ಯವನ್ನು ಅದರ ಪೂರ್ಣ ಅರ್ಥದೊಂದಿಗೆ ತಲುಪಿಸುವುದು ಎರಡನೆಯ ಮೆಟ್ಟಿಲು. ಅನೇಕರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ.

ದೂರದಿಂದ ಬಂದ ಮಾತು

ದೂರದಿಂದ ಬಂದದ್ದೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕನ್ನಡದ ಮೊದಲ ಪತ್ರಿಕೆಯೇ ಹೊರಗಿನವರ ಕೈಯಿಂದ ಬಂದಿತು. 1843ರ ಜುಲೈ 1ರಂದು ಜರ್ಮನಿಯ ಹರ್ಮನ್ ಮೋಗ್ಲಿಂಗ್ ಅವರು ಬಾಸೆಲ್ ಮಿಶನ್‌ನ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಆ ದಿನವನ್ನೇ ನಾವು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಹೊರಗಿನಿಂದ ಬಂದ ಆ ಕಲೆಗೆ ನಮ್ಮ ನೆಲದ ಹಿರಿಯರು ತಮ್ಮ ಸಂಸ್ಕಾರವನ್ನು ಬೆರೆಸಿದರು. 1913ರಲ್ಲಿ ‘ದಿ ಕರ್ನಾಟಕ’ ಎಂಬ ಪತ್ರಿಕೆಯನ್ನು ಆರಂಭಿಸಿದ ಡಿ.ವಿ. ಗುಂಡಪ್ಪನವರು ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ‘ವೃತ್ತಪತ್ರಿಕೆ’ ಎಂಬ ಹೆಸರಿನಲ್ಲಿ ಈ ಕಸುಬಿನ ಬಗ್ಗೆಯೇ ಒಂದು ಪುಸ್ತಕ ಬರೆದರು. 1978ರಲ್ಲಿ ಮಂಗಳೂರಿನಿಂದ ಹೊರಟ ‘ಸನ್ಮಾರ್ಗ’, 2003ರಲ್ಲಿ ಆರಂಭವಾದ ‘ವಾರ್ತಾಭಾರತಿ’ ಇವೂ ಆ ಪರಂಪರೆಯ ಮುಂದುವರಿಕೆಯೇ ಆಗಿವೆ.

ಸುದ್ದಿಯ ಜಾಗತಿಕ ಹರಿವು ಏಕಮುಖವಾಗಿದೆಯೆಂಬ ದೂರು ಕೂಡ ಹಳೆಯದೇ. 1980ರಲ್ಲಿ ಯುನೆಸ್ಕೊ ಪ್ರಕಟಿಸಿದ ಮ್ಯಾಕ್‌ಬ್ರೈಡ್ ಆಯೋಗದ ವರದಿಯು ಬಡ ದೇಶಗಳ ಸುದ್ದಿಯೂ ಶ್ರೀಮಂತ ದೇಶಗಳ ಸಂಸ್ಥೆಗಳ ಮೂಲಕವೇ ಹಾದುಬರುವ ಅಸಮಾನತೆಯನ್ನು ಎತ್ತಿ ತೋರಿಸಿತ್ತು. ಆಗಿನ ತೊಂದರೆಯೆಂದರೆ ಸುದ್ದಿಯನ್ನು ತರುವವರು ಬೆರಳೆಣಿಕೆಯಷ್ಟು ಮಂದಿ. ಈಗಿನ ತೊಂದರೆ ಇದಕ್ಕೆ ವಿರುದ್ಧವಾದುದು: ಎಲ್ಲರೂ ತರುತ್ತಾರೆ, ತಂದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಹದೀಸ್ ವಿದ್ವಾಂಸರು ಇದನ್ನು ಸಾವಿರ ವರ್ಷಗಳ ಹಿಂದೆಯೇ ಚಿಂತಿಸಿದ್ದರು. ಅವರ ದೃಷ್ಟಿಯಲ್ಲಿ ಒಂದು ಮಾತಿಗೆ ಎರಡು ಭಾಗಗಳಿವೆ. ಒಂದು ಮತ್ನ್, ಎಂದರೆ ಮಾತಿನ ಒಡಲು. ಇನ್ನೊಂದು ಸನದ್, ಎಂದರೆ ಆ ಮಾತು ಯಾರಿಂದ ಯಾರಿಗೆ, ಹೇಗೆ ತಲುಪಿತೆಂಬ ಸರಪಳಿ. ಮಾತು ಎಷ್ಟೇ ಸುಂದರವಾಗಿದ್ದರೂ ಸರಪಳಿಯಲ್ಲಿ ಒಂದು ಕೊಂಡಿ ಅಜ್ಞಾತವಾಗಿದ್ದರೆ ಅದನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿ ಮಾಡಲು ಸಾಕೆಂಬ ಆಶಯದ ಪ್ರವಾದಿ ವಚನವನ್ನು ಇಮಾಮ್ ಮುಸ್ಲಿಮ್‌ರವರು ತಮ್ಮ ಸಂಗ್ರಹದ ಪೀಠಿಕೆಯಲ್ಲೇ ಇರಿಸಿದ್ದಾರೆ. ಇಂದು ಜಾಗತೀಕರಣವು ಮಾಡುತ್ತಿರುವುದೇನೆಂದರೆ, ಒಡಲನ್ನು ಕ್ಷಣಮಾತ್ರದಲ್ಲಿ ಭೂಮಿಯ ಇನ್ನೊಂದು ಬದಿಗೆ ಮುಟ್ಟಿಸಿ, ಸರಪಳಿಯನ್ನು ದಾರಿಯಲ್ಲೇ ಕಳಚಿ ಬಿಡುತ್ತಿದೆ. ಯುಶುವಿನ ಚಿತ್ರ ಗಾಂಧಿನಗರಕ್ಕೆ ಬಂದಿತು; ಯುಶು ಎಂಬ ಹೆಸರು ಬರಲಿಲ್ಲ.

ಚಾಮರಾಜಪೇಟೆಯ ಓಣಿಯಲ್ಲಿ

ಸರಪಳಿ ಕಳಚಿದ ಮಾತು ಎಷ್ಟು ಹತ್ತಿರ ಬಂದು ಕೊಲ್ಲಬಲ್ಲದೆಂಬುದಕ್ಕೆ ಆರು ವರ್ಷಗಳ ನಂತರ ನಮ್ಮ ನಗರವೇ ಸಾಕ್ಷಿಯಾಯಿತು. 2018ರಲ್ಲಿ ಮಕ್ಕಳ ಕಳ್ಳರು ಊರಿಗೆ ನುಗ್ಗಿದ್ದಾರೆಂಬ ವದಂತಿ ದಕ್ಷಿಣ ಭಾರತದಾದ್ಯಂತ ಹಬ್ಬಿತ್ತು. ಅದರೊಂದಿಗೆ ಒಂದು ವಿಡಿಯೊ. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದವರು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ತಯಾರಾದ ಜಾಗೃತಿ ಚಿತ್ರ. ಮೂಲ ಚಿತ್ರದಲ್ಲಿ ಬೈಕಿನವರು ಮಗುವನ್ನು ಮರಳಿ ತಂದುಬಿಟ್ಟು, ಪೋಷಕರಿಗೆ ಎಚ್ಚರಿಕೆ ಹೇಳುವ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ರಕ್ಷಿಸಲೆಂದು ಮಾಡಿದ ಚಿತ್ರ ಮನುಷ್ಯರನ್ನು ಕೊಲ್ಲುವ ಆಯುಧವಾಯಿತು.

ಆ ವರ್ಷದ ಮೇ 23ರಂದು ಚಾಮರಾಜಪೇಟೆಯ ಪೆನ್ಶನ್ ಮೊಹಲ್ಲಾದಲ್ಲಿ, ದುಡಿಮೆ ಅರಸಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿದ ಗುಂಪು ಹೊಡೆದು ಕೊಂದಿತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಅದೂ ರಮಝಾನ್ ತಿಂಗಳೇ. ನಾವು ಹಬ್ಬದ ಬಟ್ಟೆ ಕೊಳ್ಳಲು ಹೋಗುವ, ನೆಂಟರ ಮನೆಗೆ ನಡೆದು ಹೋಗುವ ಬೀದಿಗಳವು. ಆ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. 2012ರಲ್ಲೂ ಐದು, 2018ರಲ್ಲೂ ಐದು. ಆದರೆ ಒಂದು ಸುಳ್ಳು ಐವರಿಗೆ ಹೋದರೂ ಸುಳ್ಳೇ. ಐವರಲ್ಲಿ ಒಬ್ಬನು ಕೈಯಲ್ಲಿ ದೊಣ್ಣೆ ಹಿಡಿದಿದ್ದರೆ ಅಷ್ಟೇ ಸಾಕು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸ್ಥಳೀಯ ಸಂಸ್ಕೃತಿಯೆಂಬುದು ತಾನಾಗಿಯೇ ರಕ್ಷೆಯಲ್ಲ. ಅಪರಿಚಿತನನ್ನು ಮೊದಲು ಶಂಕಿಸುವುದೂ ಒಂದು ಸ್ಥಳೀಯ ಸಂಸ್ಕೃತಿಯೇ. ಅವನನ್ನು ಕುಳ್ಳಿರಿಸಿ ನೀರು ಕೊಟ್ಟು ಊರು ಕೇಳುವುದೂ ಸ್ಥಳೀಯ ಸಂಸ್ಕೃತಿಯೇ. ಬೆಂಗಳೂರು ಕರಗದ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವ ಪದ್ಧತಿ ಇದೇ ನೆಲದ್ದು. ಒಂದೇ ಮಣ್ಣಿನಲ್ಲಿ ಎರಡೂ ಇವೆ. ಯಾವುದಕ್ಕೆ ನೀರೆರೆಯಬೇಕೆಂಬುದನ್ನು ನಿರ್ಧರಿಸುವವರಲ್ಲಿ ಪತ್ರಕರ್ತನೂ ಒಬ್ಬ, ಓದುಗನೂ ಒಬ್ಬ.

ಗಾಂಧಿ ಬಝಾರಿನಿಂದ ಪತ್ರಿಕೆ ಹೊರತರುತ್ತಿದ್ದ ಗೌರಿ ಲಂಕೇಶ್ ಅವರನ್ನು ಇಲ್ಲಿ ಸ್ಮರಿಸುವುದು ನ್ಯಾಯ. 2017ರ ಸೆಪ್ಟೆಂಬರ್ 5ರಂದು ಅವರನ್ನು ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಅವರು ಬರೆದ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿಗಳೇ ಆಗಿತ್ತು. ಅವರ ಎಲ್ಲ ವಿಚಾರಗಳೊಂದಿಗೆ ನಮಗೆ ಸಹಮತವಿರಬೇಕೆಂದಿಲ್ಲ. ಆದರೆ ಬರೆದದ್ದಕ್ಕೆ ತನ್ನ ಹೆಸರು ಹಾಕಿ ಅದರ ಹೊಣೆ ಹೊರುವವರು ಎಷ್ಟು ದೊಡ್ಡ ಬೆಲೆ ತೆರಬೇಕಾಗಬಹುದೆಂಬುದನ್ನು ಆ ಸಾವು ನೆನಪಿಸುತ್ತದೆ. ಹೆಸರಿಲ್ಲದ ಸಂದೇಶವನ್ನು ಹರಡುವವನಿಗೆ ಯಾವ ಬೆಲೆಯೂ ಇಲ್ಲ.

ಕಲ್ಲಿನಿಂದ ಕಾಗದದವರೆಗೆ

ಮಾಧ್ಯಮವು ನಮಗೆ ನೋವುಂಟುಮಾಡಿದಾಗ ನಾವು ಏನು ಮಾಡಿದ್ದೇವೆ? ಈ ಪ್ರಶ್ನೆಗೆ ನಮ್ಮ ನಗರದ ಇತಿಹಾಸದಲ್ಲಿ ಎರಡು ಉತ್ತರಗಳಿವೆ.

1986ರ ಡಿಸೆಂಬರ್ 7ರ ಭಾನುವಾರ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಮಲಯಾಳಂನಿಂದ ಇಂಗ್ಲಿಷಿಗೆ ಬಂದ ಒಂದು ಸಣ್ಣಕತೆ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ಪ್ರವಾದಿಯವರ ನಾಮವನ್ನೇ ಹೊತ್ತ ಪಾತ್ರವನ್ನು ಮೂರ್ಖನೆಂದು ಕರೆಯಲಾಗಿತ್ತು. ಒಂದು ಭಾಷೆಯಲ್ಲಿ, ಒಂದು ನೆಲದಲ್ಲಿ ಹುಟ್ಟಿದ ಕತೆ ಮತ್ತೊಂದು ನೆಲಕ್ಕೆ ಬರುವಾಗ ಅದು ಯಾರ ಮನೆಬಾಗಿಲಲ್ಲಿ ಇಳಿಯುತ್ತದೆಂದು ಯೋಚಿಸಬೇಕಾದುದು ಸಂಪಾದಕರ ಹೊಣೆಯಾಗಿತ್ತು. ಅಂತಹ ಯೋಚನೆಯೇ ಸ್ಥಳೀಯ ಸಂಸ್ಕೃತಿಯು ಪತ್ರಿಕಾಧರ್ಮಕ್ಕೆ ನೀಡುವ ಕೊಡುಗೆ. ನಮ್ಮ ಜನರ ನೋವು ನಿಜವಾಗಿತ್ತು. ಪತ್ರಿಕೆ ಕ್ಷಮೆ ಕೇಳಿತು. ಆದರೆ ಅಷ್ಟರಲ್ಲಿ ಪ್ರತಿಭಟನೆ ಬೀದಿಗಿಳಿದಿತ್ತು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕಲ್ಲು, ಬೆಂಕಿ, ಪೊಲೀಸ್ ಗೋಲಿಬಾರು ನಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಆ ಕತೆಯನ್ನು ಓದಿದವರು ಎಷ್ಟು ಮಂದಿಯಿದ್ದರೋ! ಒಬ್ಬರಿಂದೊಬ್ಬರಿಗೆ ಕೇಳಿ ತಿಳಿದದ್ದೇ ಹೆಚ್ಚಿರಬೇಕು. ತಾಯಿಫ್‌ನಲ್ಲಿ ಕಲ್ಲೇಟು ತಿಂದೂ ಆ ಜನರ ಸನ್ಮಾರ್ಗಕ್ಕಾಗಿ ಹಾರೈಸಿದ ಪ್ರವಾದಿಯವರ(ಸ) ಗೌರವವನ್ನು ಕಲ್ಲೆಸೆದು ಕಾಯುವುದು ಸಾಧ್ಯವೇ ಎಂದು ನಾವು ಅಂದೇ ಕೇಳಿಕೊಳ್ಳಬೇಕಿತ್ತು.

ಎರಡನೆಯ ಉತ್ತರ 2020ರದ್ದು. ಕೊರೋನಾ ಸೋಂಕಿನ ಮೊದಲ ದಿನಗಳಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ತಬ್ಲೀಗ್ ಸಭೆಯನ್ನು ಮುಂದಿಟ್ಟುಕೊಂಡು ಇಡೀ ಸಮುದಾಯವನ್ನು ರೋಗ ಹರಡುವ ಸಂಚುಕೋರರಂತೆ ಚಿತ್ರಿಸಲಾಯಿತು. ತರಕಾರಿ ಮಾರುವವನ ಹೆಸರು ಕೇಳಿ ವ್ಯಾಪಾರ ಮಾಡುವಂತಾಯಿತು. ಆಗ ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ಬಳಗದವರು ಕಲ್ಲೆತ್ತಲಿಲ್ಲ. ಯಾವ ವಾಹಿನಿ, ಯಾವ ದಿನ, ಯಾವ ಮಾತು ಎಂಬುದನ್ನು ದಾಖಲಿಸಿ, ಸುದ್ದಿವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಎಸ್‌ಎಗೆ ದೂರು ಬರೆದರು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್‌ಗೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರ ವಿರುದ್ಧ ಮಾಧ್ಯಮಗಳಲ್ಲಿ ಭಾರೀ ಅಪಪ್ರಚಾರ ನಡೆಯಿತೆಂದು ಹೇಳಿತು. 2021ರ ಜೂನ್‌ನಲ್ಲಿ, ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ನೇತೃತ್ವದ ಎನ್‌ಬಿಎಸ್‌ಎ ತನ್ನ ಆದೇಶ ನೀಡಿತು. ನ್ಯೂಸ್18 ಕನ್ನಡ ವಾಹಿನಿಗೆ ಒಂದು ಲಕ್ಷ ರೂಪಾಯಿ ದಂಡ, ಕ್ಷಮಾಪಣೆಯ ಪ್ರಸಾರ. ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ.

ಒಂದು ದೊಡ್ಡ ವಾಹಿನಿಗೆ ಒಂದು ಲಕ್ಷ ಯಾವ ಲೆಕ್ಕವೆಂದು ಓದುಗರು ಕೇಳಬಹುದು. ಆ ಮಾತು ಸರಿ. ವಾರಗಟ್ಟಲೆ ಬಿದ್ದ ಗಾಯಕ್ಕೆ ಒಂದು ದಿನದ ಕ್ಷಮಾಪಣೆ ಮದ್ದಾಗದು. ಆದರೂ ಇವೆರಡರ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲೇಬೇಕು. 1986ರ ಕೋಪ ಹೆಣಗಳನ್ನು ಬಿಟ್ಟುಹೋಯಿತು. 2020ರ ತಾಳ್ಮೆ ಒಂದು ದಾಖಲೆಯನ್ನು ಬಿಟ್ಟುಹೋಯಿತು. ಮುಂದೆ ಯಾರಾದರೂ ಅಂದು ನಡೆದದ್ದೇನೆಂದು ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಈಗ ಒಂದು ಸನದ್ ಇದೆ. ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಅಲ್ ಮಾಇದಃ ಅಧ್ಯಾಯದ ಆದೇಶದ ಆಶಯವನ್ನು ಮಾಧ್ಯಮಕ್ಕೆ ನೆನಪಿಸುವ ಹಕ್ಕು, ಅದನ್ನು ತಾವು ಪಾಲಿಸಿದವರಿಗೆ ಮಾತ್ರ ಶೋಭಿಸುತ್ತದೆ.

ನಮ್ಮ ಕೈಯಲ್ಲಿರುವ ಮುದ್ರಣಾಲಯ

ಇಂದು ನಮ್ಮ ಮುದ್ರಣಾಲಯವಿಲ್ಲ. ಅದರ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಆದರೆ ಯೋಚಿಸಿದರೆ, ಮುದ್ರಣಾಲಯ ಮುಚ್ಚಿಲ್ಲ. ಪ್ರತಿಯೊಬ್ಬರ ಜೇಬಿಗೆ ಬಂದು ಕುಳಿತಿದೆ. ತಂದೆಯವರ ಯಂತ್ರ ಗಂಟೆಗೆ ಅಚ್ಚುಹಾಕುತ್ತಿದ್ದಷ್ಟನ್ನು ನಮ್ಮ ಹೆಬ್ಬೆರಳು ಕ್ಷಣದಲ್ಲಿ ಹಾಕುತ್ತದೆ. ಯಂತ್ರ ಬಂದಿತು, ಕುರ್ಚಿಯಲ್ಲಿ ಕೂರಿಸಿ ಓದಿಸುವ ಆ ನಿಯಮ ಮಾತ್ರ ಜೊತೆಗೆ ಬರಲಿಲ್ಲ.

ಆದುದರಿಂದ ನಾವು ನಮ್ಮ ಮನೆಯಲ್ಲಿ ತಂದೆಯವರ ಮೂರು ಪ್ರಶ್ನೆಗಳನ್ನು ಮತ್ತೆ ಜಾರಿಗೆ ತಂದಿದ್ದೇವೆ. ಹೆಸರು: ಇದನ್ನು ಕಂಡವರು ಯಾರು, ಹೇಳಿದವರು ಯಾರು? ದಿನಾಂಕ: ಇದು ಯಾವಾಗಿನದು? ಸ್ಥಳ: ಇದು ಎಲ್ಲಿಯದು? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಅದು ನಮ್ಮ ಮನೆಯಿಂದ ಮುಂದೆ ಹೋಗುವುದಿಲ್ಲ, ಅದು ನಮ್ಮ ಸಮುದಾಯದ ಪರವಾಗಿದ್ದರೂ ಸರಿಯೇ. ಇದಕ್ಕೆ ನಾಲ್ಕನೆಯದೊಂದನ್ನು ನಾವು ಸೇರಿಸಿದ್ದೇವೆ: ಇದು ನಮ್ಮ ನೆರೆಯವನ ಮೊಬೈಲಿಗೆ ಹೋದರೆ ಅವನು ಇಂದು ರಾತ್ರಿ ನೆಮ್ಮದಿಯಿಂದ ಮಲಗುವನೇ? ಹಝ್ರತ್ ಆಇಶಾರವರ(ರ) ಮೇಲೆ ಅಪವಾದ ಹಬ್ಬಿದಾಗ ಮದೀನಾದ ಒಳ್ಳೆಯ ಜನರಲ್ಲೂ ಕೆಲವರು ಅದನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸಿದರು. ಅನ್ನೂರ್ ಅಧ್ಯಾಯವು ಅವರನ್ನು ಎಚ್ಚರಿಸುತ್ತಾ, ಅವರು ಕ್ಷುಲ್ಲಕವೆಂದು ಬಗೆದದ್ದು ಅಲ್ಲಾಹನ ಬಳಿ ಘೋರವಾದುದಾಗಿತ್ತೆಂದು ತಿಳಿಸುತ್ತದೆ. ಒಳ್ಳೆಯವರೂ ಜಾರಿದ್ದರೆಂದರೆ ನಾವು ಎಷ್ಟರವರು?

ನಮ್ಮ ಯುವಕರು ಮತ್ತು ಯುವತಿಯರು ಕನ್ನಡ ಪತ್ರಿಕೋದ್ಯಮಕ್ಕೆ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಬರಬೇಕು. ಕೇವಲ ನಮ್ಮ ದೂರುಗಳನ್ನು ಬರೆಯಲಿಕ್ಕಲ್ಲ. ರಸ್ತೆ, ನೀರು, ಶಾಲೆ, ನ್ಯಾಯಾಲಯ ಎಲ್ಲದರ ಬಗ್ಗೆ ಎಲ್ಲರಿಗಾಗಿ ಬರೆಯಲಿಕ್ಕೆ. ಸುದ್ದಿಮನೆಯಲ್ಲಿ ನಮ್ಮ ಮೊಹಲ್ಲಾವನ್ನು ಬಲ್ಲ ಒಬ್ಬರಿದ್ದರೆ, ಅನೇಕ ಸುಳ್ಳುಗಳು ಕರಡಿನಲ್ಲೇ ಸಾಯುತ್ತವೆ. ಹಾಗೆಯೇ ನಮ್ಮ ಮನೆಗಳಲ್ಲಿ ಬೇರೆಯವರ ಮೊಹಲ್ಲಾವನ್ನು ಬಲ್ಲವರಿದ್ದರೆ ನಮ್ಮ ಸುಳ್ಳುಗಳೂ ಅಲ್ಲಿಯೇ ಸಾಯುತ್ತವೆ.

ಕೊನೆಯದಾಗಿ, ಆ ಚಿತ್ರದ ಮಾತು. ಆ ವರ್ಷದ ಈದ್ ಆದ ಮೇಲೆ ನಾವು ಅದನ್ನು ಯಾರು ಯಾರಿಗೆ ಕಳುಹಿಸಿದ್ದೆವೋ ಅವರೆಲ್ಲರನ್ನೂ ಹುಡುಕಿ, ಅದು ಸುಳ್ಳಾಗಿತ್ತು, ಕ್ಷಮಿಸಿ, ನೀವು ಕಳುಹಿಸಿದವರಿಗೂ ತಿಳಿಸಿ ಎಂದು ಬರೆದೆವು. ಕೆಲವರು ವಂದನೆ ಹೇಳಿದರು. ಹೆಚ್ಚಿನವರು ಉತ್ತರಿಸಲಿಲ್ಲ. ಬಂಧುವೊಬ್ಬರು, ನಮ್ಮವರ ನೋವಿನ ಸಮಯದಲ್ಲಿ ಇಂತಹ ಲೆಕ್ಕ ಬೇಕೇ ಎಂದು ಕೋಪಗೊಂಡು ಬಹಳ ದಿನ ಮಾತು ಬಿಟ್ಟರು. ಬರ್ಮಾದ ಮುಸ್ಲಿಮರ ನೋವು ನಿಜವಾಗಿತ್ತು. ಅದಕ್ಕೆ ಸುಳ್ಳಿನ ಆಸರೆ ಬೇಕಿರಲಿಲ್ಲ ಎಂದು ಅವರಿಗೆ ಇಂದಿಗೂ ಹೇಳುತ್ತಲೇ ಇದ್ದೇವೆ. ಆ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಉಳಿದುಕೊಂಡಿತು. ನಾವು ನಮ್ಮ ಕಾವಲುಗಾರನಿಗೆ ಆ ಚಿತ್ರವನ್ನು ಕಳುಹಿಸಿರಲಿಲ್ಲ, ಆದರೆ ಕ್ಷಮೆ ಕೇಳಬೇಕಾದವರಲ್ಲಿ ಅವನೇ ಮೊದಲಿಗ. ಅವನ ಸಂಖ್ಯೆಗೆ ಹಲವು ಬಾರಿ ಕರೆ ಮಾಡಿದೆವು. ಅದು ಚಾಲ್ತಿಯಲ್ಲಿರಲಿಲ್ಲ.

ಅರಿವಿಲ್ಲದೆ ನಮ್ಮ ನಾಲಿಗೆಯಿಂದಲೂ ಬೆರಳಿನಿಂದಲೂ ನೊಂದವರೆಲ್ಲರ ಹೃದಯಗಳಿಗೆ ಅಲ್ಲಾಹನು ನೆಮ್ಮದಿ ನೀಡಲಿ. ಮಾತನಾಡುವ ಮುನ್ನ ಪರಿಶೀಲಿಸುವ ತಾಳ್ಮೆಯನ್ನೂ ತಪ್ಪಿದಾಗ ತಿದ್ದಿಕೊಳ್ಳುವ ಧೈರ್ಯವನ್ನೂ ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.